ಅತ್ತೆ ಬಹುವಚನ

ಮಾರ್ಚ್ 3, ಸೋಮವಾರ

ಇವತ್ತು ಹೋಗಿ ಕೇಳಿಯೇ ಬಂದೆ.

ಗ್ರಂಥಾಲಯದ ಮಹಡಿಯಲ್ಲಿ ಸಂಜೆ ಇಂಗ್ಲಿಷ್ ಕ್ಲಾಸು ನಡೆಸುವ ಟೀಚರು ನನ್ನ ಮಗನಿಗಿಂತ ಚಿಕ್ಕವರು. ಚಿಕ್ಕವರಾದರೇನು, ಟೀಚರು ಟೀಚರೇ. ಬಹುವಚನ ಕೊಡಬೇಕಾದಲ್ಲಿ ಕೊಡುವವಳು ನಾನು. ಆದರೆ ಬಾಗಿಲಲ್ಲಿ ನಿಂತು ನೋಡಿದರೆ ಬೋರ್ಡಿನ ಮೇಲೆ ಒಂದಕ್ಷರವಿಲ್ಲ! ಒಬ್ಬ ಕಿವಿಗೆ ವೈರು ಸಿಕ್ಕಿಸಿಕೊಂಡು ಏನೋ ಕೇಳುತ್ತಿದ್ದಾನೆ. ಇಬ್ಬರು ಮೂಲೆಯಲ್ಲಿ ಎದುರುಬದುರು ಕೂತು ಹರಟುತ್ತಿದ್ದಾರೆ. ನಮ್ಮ ಸೊಸೆ ಕಿಟಕಿ ಪಕ್ಕ ಕೂತು ಯಾವುದೋ ಔಷಧಿ ಡಬ್ಬಿಯ ಮೇಲಿನ ಚೀಟಿ ಓದುತ್ತಿದ್ದಾಳೆ.

"ನಮ್ಮ ಸೊಸೆಗೆ ಏನು ಕಲಿಸ್ತಾ ಇದ್ದೀರಿ?" ಎಂದೆ.

"ನಾನು ಕಲಿಸಲ್ಲಮ್ಮಾ, ಅವರೇ ಕಲೀತಾರೆ. ಏನು ಕಲೀಬೇಕು, ಹೇಗೆ ಕಲೀಬೇಕು, ಎಷ್ಟು ಬಂತು, ಎಲ್ಲ ಅವರೇ ನೋಡ್ಕೋತಾರೆ. ನಾನು ಜೊತೆಗಿರ್ತೀನಿ ಅಷ್ಟೆ."

"ಹಾಗಾದ್ರೆ ನಿಮಗೆ ಸಂಬಳ ಯಾಕೆ?"

ಬೇರೆಯವರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವರು ಬಾಯಿತುಂಬ ನಕ್ಕು, "ನಮ್ಮ ಮೇಲಿನವರೂ ಅದನ್ನೇ ಕೇಳ್ತಾರೆ" ಎಂದರು.

ನಗುವ ವಿಷಯವಲ್ಲ ಇದು. ಸೊಸೆ ಶಾಲೆಯ ಕೊನೆಯ ವರ್ಷ ಇಂಗ್ಲಿಷಿನಲ್ಲಿ ನಪಾಸಾಗಿ ಓದು ಬಿಟ್ಟವಳು. ಆಮೇಲೆ ಮದುವೆ, ಆಮೇಲೆ ನಮ್ಮ ಲಾಂಡ್ರಿ. ದೊಡ್ಡಾಸ್ಪತ್ರೆಯ ಚಾದರಗಳು ನಮ್ಮಲ್ಲೇ ಒಗೆಯುವುದು. ಒಗೆದದ್ದನ್ನು ಮುಟ್ಟಿಸಲು ಹೋದಾಗಲೆಲ್ಲ ರಕ್ತ ಪರೀಕ್ಷೆ ಮಾಡುವ ಕೋಣೆಯ ಗಾಜಿನ ಮುಂದೆ ನಿಂತು ನಿಂತು ಅವಳಿಗೆ ಆ ಕೆಲಸದ ಆಸೆ ಹತ್ತಿದೆ. ಆಸ್ಪತ್ರೆಯವರೇ ತರಬೇತಿ ಕೊಡುತ್ತಾರಂತೆ. ಇಂಗ್ಲಿಷ್ ಪಾಸಾಗಿರಬೇಕು, ಬರೆಯುವುದು ಮಾತಾಡುವುದು ಎರಡೂ. ಅವಳ ವಯಸ್ಸಿಗೆ ಈ ವರ್ಷವೇ ಕೊನೆ. ಏಪ್ರಿಲ್ ಪರೀಕ್ಷೆ ಕೈತಪ್ಪಿದರೆ ಜೀವನವೆಲ್ಲ ಗಾಜಿನ ಈಚೆಯೇ.

ನಾನು ಹೂಂ ಅಂದಿದ್ದೇನೆ. ಹೂಂ ಅಂದ ಮೇಲೆ ಪಾಸಾಗಲೇಬೇಕು. ನಾನು ಕೈ ಹಾಕಿದ ಯಾವ ಬಟ್ಟೆಯೂ ಕಲೆ ಹೊತ್ತುಕೊಂಡು ಈ ಅಂಗಡಿಯ ಹೊಸಿಲು ದಾಟಿಲ್ಲ. ಟೀಚರು ಕಲಿಸದಿದ್ದರೆ ನಾನು ಕಲಿಸುತ್ತೇನೆ. ಹೈಸ್ಕೂಲು ಓದಿದವಳು ನಾನು, ಅದೂ ಫಸ್ಟ್ ಕ್ಲಾಸಿನಲ್ಲಿ. ದಾರಿಯಲ್ಲೇ ಒಂದು ಗೈಡು ಕೊಂಡು ತಂದೆ. ಪ್ರಬಂಧಗಳೆಲ್ಲ ಸಿದ್ಧವಾಗಿಯೇ ಇವೆ. ದಿನಕ್ಕೊಂದು ಬಾಯಿಪಾಠ ಮಾಡಿದರೆ ಮುಗಿಯಿತು.

ಮಾರ್ಚ್ 5, ಬುಧವಾರ

ದೊಡ್ಡ ಚಾದರ ಮಡಿಸುವುದು ಇಬ್ಬರ ಕೆಲಸ. ನಾನೊಂದು ತುದಿ, ಅವಳೊಂದು ತುದಿ. ಜಗ್ಗಿ ಕೊಡವಿ, ಅಂಚಿಗೆ ಅಂಚು ಕೂಡಿಸಿ, ಅವಳು ನಡೆದು ಬಂದು ಮೂಲೆಗಳನ್ನು ನನ್ನ ಕೈಗಿಡುತ್ತಾಳೆ. ಮಾತಿದ್ದರೆ ಅಷ್ಟರಲ್ಲಿ ಮುಗಿಸಬೇಕು. ಅವಳು ಈ ಮನೆಗೆ ಬಂದಾಗಿನಿಂದ ನಮ್ಮ ಮಾತೆಲ್ಲ ಹೀಗೇ, ಒಂದೊಂದು ಚಾದರದಷ್ಟು ಉದ್ದ.

"ಹೇಳು, ಮೊದಲನೇ ಪ್ರಬಂಧ" ಎಂದೆ.

ಕೊಡವಿದಳು. ನಡೆದು ಬಂದಳು. "ಬಾಯಿಪಾಠ ಮಾಡಿಲ್ಲ ಅತ್ತೆ."

"ಯಾಕೆ?"

ಇನ್ನೊಂದು ಚಾದರ. "ಅದು ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಗಂಟೆ ಅಂತ. ನಾನು ಸ್ಟೇಷನ್ನಿನಲ್ಲಿ ಒಂದು ಗಂಟೆ ಕೂತವಳೇ ಅಲ್ಲ."

"ಪರೀಕ್ಷೆಗೆ ಕೂರೋಕೆ ಸ್ಟೇಷನ್ನಿನಲ್ಲಿ ಕೂರಬೇಕೇನೇ?"

ಇನ್ನೊಂದು. "ಮಾತಿನ ಪರೀಕ್ಷೇಲಿ ವಿಷಯ ನಾವೇ ಆರಿಸ್ಕೋಬೇಕು. ಚೆನ್ನಾಗಿ ಗೊತ್ತಿರೋ ಒಬ್ಬರ ಬಗ್ಗೆ ಹೇಳ್ಬೇಕು. ನಾನು ಆರಿಸ್ಕೊಂಡಾಯ್ತು."

"ಯಾರನ್ನ?"

ಮೂಲೆಗಳನ್ನು ನನ್ನ ಕೈಗಿಟ್ಟವಳು ಬಿಡದೆ ಹಿಡಿದೇ ನಿಂತಳು. "ನಿಮ್ಮನ್ನ."

ಚಾದರ ಕೈಯಲ್ಲೇ ಉಳಿಯಿತು. "ನನ್ನ ಬಗ್ಗೆ ಏನಂತ ಹೇಳ್ತೀಯ?"

"ಅದನ್ನ ಹೇಳಲ್ಲ. ಹೇಳಿದ್ರೆ ನೀವು ತಿದ್ದಿಬಿಡ್ತೀರಿ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಇನ್ನೂ ಮುಗಿದಿಲ್ಲ, ಆಗಲೇ ಅವಳ ಕಾಲ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಿದೆ. ನನ್ನ ಬಗ್ಗೆ, ಗುರುತಿಲ್ಲದವರ ಮುಂದೆ, ನನಗೆ ಅರ್ಧಂಬರ್ಧ ತಿಳಿಯುವ ಭಾಷೆಯಲ್ಲಿ! ಸೀಗೆಪುಡಿಯಷ್ಟು ಕಹಿಯಾಗಿ ಹೇಳಿದರೂ ನನಗೆ ಗೊತ್ತಾಗಬೇಕಲ್ಲ.

ನಾನೂ ಸ್ವಲ್ಪ ಇಂಗ್ಲಿಷ್ ನೋಡಿಕೊಳ್ಳಬೇಕು. ಕಲಿಯುವುದಕ್ಕಲ್ಲ. ಕಾವಲಿಗೆ.

ಮಾರ್ಚ್ 9, ಭಾನುವಾರ

ಬರೆಯದೆ ಇರಲಾರೆ!

ನಮ್ಮ ದೊಡ್ಡ ಒಗೆಯುವ ಯಂತ್ರಕ್ಕೆ ಏಳು ಗುಂಡಿಗಳು. ಮಗ ಅದನ್ನು ಹಳೆಯದೇ ಕೊಂಡದ್ದು, ತಂದುಕೊಟ್ಟವನು ಮೂರನ್ನು ತೋರಿಸಿ ಹೋದ. ಅಂದಿನಿಂದ ನಮಗೆ ಅವು ಮೊದಲನೇದು, ಮೂರನೇದು, ಕೊನೇದು. ಉಳಿದವನ್ನು ಮುಟ್ಟಿದರೆ ಕೈ ಕತ್ತರಿಸುತ್ತೇನೆ ಎಂದು ನಾನೇ ಎಲ್ಲರಿಗೂ ಹೇಳಿದ್ದೆ. ಇವತ್ತು ಅಂಗಡಿಗೆ ರಜೆ. ಮಗನ ಹಳೆಯ ಶಾಲಾ ನಿಘಂಟು ಹುಡುಕಿ ತೆಗೆದು, ಕನ್ನಡಕ ಹಾಕಿಕೊಂಡು, ಯಂತ್ರದ ಮುಂದೆ ಸ್ಟೂಲು ಎಳೆದುಕೊಂಡು ಕೂತೆ. ಮೂರನೇ ಗುಂಡಿಯ ಹೆಸರು ರಿನ್ಸ್. ಜಾಲಿಸುವುದು. ಇಷ್ಟು ವರ್ಷ ಬೆರಳಿಟ್ಟದ್ದು ಅದರ ಹೆಸರಿನ ಮೇಲೇ, ಗೊತ್ತೇ ಇರಲಿಲ್ಲ. ಪಕ್ಕದ ಮನೆಯವರ ಹೆಸರು ಇವತ್ತು ಕೇಳಿ ತಿಳಿದುಕೊಂಡ ಹಾಗಾಯಿತು.

ಆರನೆಯದು ಸೋಕ್. ನೆನೆಯಲು ಬಿಡುವುದು.

ಒತ್ತಿದೆ! ಯಂತ್ರ ನೀರು ಕುಡಿದು, ಎರಡು ಸುತ್ತು ಮಗ್ಗುಲು ತಿರುಗಿ, ಗಪ್‌ಚಿಪ್ಪಾಯಿತು. ಮಗ ಓಡಿ ಬಂದ. "ಅಮ್ಮಾ, ಏನು ಒತ್ತಿದೆ? ಕೆಟ್ಟೋಯ್ತಲ್ಲಾ!"

"ಕೆಟ್ಟಿಲ್ಲ ಕಣೋ, ನೆನೀತಾ ಇದೆ."

"ಯಾರು ಹೇಳಿದ್ದು?"

"ಅದೇ ಹೇಳ್ತಿದೆ, ಓದು."

ಹೋಟೆಲಿನ ಮೇಜುಬಟ್ಟೆಯ ಟೀ ಕಲೆ, ನಾವು ಉಜ್ಜಿ ಉಜ್ಜಿ ಮೊಣಕೈ ನೋಯಿಸಿಕೊಳ್ಳುವ ಕಲೆ, ಉಜ್ಜದೆ ಹೋಯಿತು. ಸೊಸೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ನೋಡಿ, ಇನ್ನೊಂದು ಮೇಜುಬಟ್ಟೆ ತಂದು ಯಂತ್ರಕ್ಕೆ ಹಾಕಿದಳು. ಇನ್ನೂ ಎರಡನೆಯದೂ ನಾಲ್ಕನೆಯದೂ ಐದನೆಯದೂ ಉಳಿದಿವೆ. ನಿದ್ದೆ ಬರುವ ಹಾಗಿಲ್ಲ.

ಮಾರ್ಚ್ 14, ಶುಕ್ರವಾರ

ಕ್ಲಾಸು ಬಿಡುವಷ್ಟರಲ್ಲಿ ಕತ್ತಲಾಗುತ್ತದೆ, ಒಬ್ಬಳೇ ಬರುವುದು ಬೇಡ ಎಂದು ಹೇಳಿ ಸೊಸೆಯ ಜೊತೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ. ಟೀಚರು ಒಬ್ಬೊಬ್ಬರ ಬಳಿ ಹೋಗಿ, "ಇವತ್ತು ಏನು ಮಾಡ್ತೀರಿ?" ಎಂದು ಕೇಳುತ್ತಾ ಬಂದರು. ನನ್ನ ಬೆಂಚಿಗೂ ಬಂದರು.

"ನೀವು ಇವತ್ತು ಏನು ಕಲೀತೀರಿ ಅಮ್ಮಾ?"

"ನಾನು ಕಲಿಯೋಕೆ ಬಂದಿಲ್ಲ. ಕಾಯೋಕೆ ಬಂದಿದ್ದೀನಿ."

"ಸರಿ, ಕಾಯಿರಿ. ಕಾಯ್ತಾ ಏನಾದ್ರೂ ಬೇಕಾದ್ರೆ ಕೇಳಿ."

ಏನೂ ಬೇಡವೆಂದೇ ಕೂತಿದ್ದೆ. ಆದರೆ ಸುಮ್ಮನೆ ಕೂರುವ ಅಭ್ಯಾಸ ಈ ಕೈಗಿಲ್ಲ, ಬಾಯಿಗೂ ಇಲ್ಲ. "ನೀನು ಅನ್ನೋಕೆ ಯೂ ಅಂತಾರಲ್ಲ, ನೀವು ಅನ್ನೋಕೆ ಏನಂತಾರೆ?" ಎಂದೆ.

"ಅದಕ್ಕೂ ಯೂ."

"ತಾವು?"

"ಯೂ."

ನಮ್ಮ ಕಾಲದಲ್ಲೂ ಹೀಗೇ ಕಲಿಸಿದ್ದರು, ಆದರೆ ಆಗ ಯೋಚಿಸಿರಲಿಲ್ಲ. ಮಗುವಿಗೂ ಯೂ, ಮುದುಕರಿಗೂ ಯೂ, ಅಂಗಡಿ ಮುಂದೆ ಮಲಗುವ ನಾಯಿಗೂ ಯೂ! ಮನೆಮಂದಿಗೆಲ್ಲ ಒಂದೇ ಅಳತೆಯ ಅಂಗಿ ಹೊಲಿಸಿದ ಹಾಗೆ. "ಇವರ ಮನೆಗಳಲ್ಲಿ ಜಗಳ ಆದ್ರೆ ಯಾರು ಯಾರನ್ನ ಬೈತಾ ಇದ್ದಾರೆ ಅಂತ ಹೇಗೆ ಗೊತ್ತಾಗುತ್ತೆ?" ಎಂದೆ. ಟೀಚರು, "ಇದನ್ನೇ ಇಟ್ಕೊಂಡು ಯೋಚನೆ ಮಾಡಿ ಅಮ್ಮಾ, ಒಳ್ಳೇ ಪ್ರಶ್ನೆ" ಎಂದು ಹೋಗಿಬಿಟ್ಟರು. ಉತ್ತರ ಕೊಡುವ ಪದ್ಧತಿಯೇ ಇಲ್ಲ ಆಕೆಗೆ!

ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಸೊಸೆ ಮಾತ್ರ ಕೈಯಲ್ಲಿ ಚೀಲ ತೂಗಾಡಿಸುತ್ತಾ ಒಳಗೊಳಗೇ ನಗುತ್ತಾ ಬಂದಳು.

ಮಾರ್ಚ್ 21, ಶುಕ್ರವಾರ

ಇವತ್ತು ಮಾತಿನ ಪರೀಕ್ಷೆಯ ತಾಲೀಮು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಸೊಸೆ ಬೇಡ ಅಂದಳು, ಟೀಚರು ಇರಲಿ ಅಂದರು.

ಸೊಸೆ ಎದ್ದು ನಿಂತಳು. "ಮೈ ಮದರ್ ಇನ್ ಲಾ" ಎಂದಳು. ನಾನು ಸೆಟೆದು ಕೂತೆ. "ದೇ ಆರ್ ವೆರಿ ಸ್ಟ್ರಿಕ್ಟ್." ನಿಜ. "ದೇ ವೇಕ್ ಅಪ್ ಅಟ್ ಫೈವ್." ಅದೂ ನಿಜ. "ದೇ ಡೂ ನಾಟ್ ಲೈಕ್ ವೇಸ್ಟ್." ಒಂದೊಂದೂ ಅರ್ಥವಾಗುತ್ತಿದೆ! ದೇ ಎಂದರೆ ಅವರು, ಹೈಸ್ಕೂಲಿನಲ್ಲೇ ಕಲಿತದ್ದು. ಅವರು ಬಹಳ ಕಟ್ಟುನಿಟ್ಟು, ಅವರು ಐದಕ್ಕೆ ಏಳುತ್ತಾರೆ. ತಪ್ಪೇನಿದೆ ಇದರಲ್ಲಿ?

ಟೀಚರು ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅದರಲ್ಲಿ ಹೌ ಮೆನಿ ಎಂಬುದಿತ್ತು. ಹೋಟೆಲಿನವರು ಫೋನಿನಲ್ಲಿ ದಿನಾ ಕೇಳುವ ಮಾತು ಅದು, ಹೌ ಮೆನಿ ಶೀಟ್ಸ್. ಇಲ್ಲಿ ಶೀಟ್ಸ್ ಬದಲು ಮದರ್ಸ್ ಇನ್ ಲಾ. ಎಷ್ಟು ಜನ ಅತ್ತೆಯರಿದ್ದಾರೆ ನಿನಗೆ! ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಸೊಸೆಯ ಮುಖ ಕೆಂಪಾಯಿತು.

ನಾನು ಎದ್ದು ನಿಂತೇಬಿಟ್ಟೆ. "ಒಬ್ಬಳೇ! ಒಬ್ಬಳು ಸಾಕಾಗಲ್ವಾ?"

ಆಮೇಲಿನ ನಗುವನ್ನು ಬರೆಯುವುದು ಬೇಡ. ಕಿವಿಗೆ ವೈರು ಹಾಕಿಕೊಳ್ಳುವವನು ಬೆಂಚಿನಿಂದ ಜಾರಿದ.

ಟೀಚರು ಆಗಲೂ ತಿದ್ದಲಿಲ್ಲ. "ನಾನ್ಯಾಕೆ ಹಾಗೆ ಕೇಳಿದೆ, ನೀವೇ ಹುಡುಕಿ" ಎಂದು ಸೊಸೆಗೆ ಹೇಳಿದರು. ಅವಳು ಎರಡು ಪುಸ್ತಕ ತಿರುವಿ ಹುಡುಕಿಯೂ ಬಿಟ್ಟಳು. ಇಂಗ್ಲಿಷಿನಲ್ಲಿ ಅತ್ತೆ ಒಬ್ಬಳೇ ಆದರೆ ಶೀ. ಪ್ರತಿ ಸಲ ದೇ ಅಂದಾಗಲೂ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ.

ಶೀ ಎಂದರೆ ಅವಳು. ನಾನು ಅವಳು!

ಮಾರ್ಚ್ 22, ಶನಿವಾರ

ಬೆಳಿಗ್ಗೆಯೇ ಹೇಳಿಬಿಟ್ಟೆ. "ಪರಭಾಷೆಯಲ್ಲೂ ಅತ್ತೆಗೆ ಬಹುವಚನ ಕೊಟ್ಟಿದ್ದೀಯಲ್ಲ, ನಿನ್ನ ತಾಯಿತಂದೆ ಚೆನ್ನಾಗಿ ಬೆಳೆಸಿದ್ದಾರೆ. ಅದೇ ಸರಿ. ಬೇಕಾದ್ರೆ ಇಂಗ್ಲಿಷಿನವರು ತಿದ್ಕೊಳ್ಳಲಿ."

"ಅಂಕ ಇಂಗ್ಲಿಷಿನವರ ಕೈಯಲ್ಲಿದೆಯಲ್ಲ ಅತ್ತೆ."

"ಹಾಗಂತ ನನ್ನನ್ನ ಶೀ ಅಂತೀಯಾ?"

ಚಾದರ ಹಿಡಿದುಕೊಂಡು ನಿಂತೇಬಿಟ್ಟಳು. "ಪ್ರಯತ್ನ ಮಾಡ್ದೆ. ಬಾಯಿಗೆ ಬರಲ್ಲ. ಶೀ ಅಂದ್ರೆ ನಿಮ್ಮನ್ನ ಏಕವಚನದಲ್ಲಿ ಕರ್ದಂಗಾಗುತ್ತೆ. ಅಲ್ಲೇ ನಾಲಿಗೆ ಕಚ್ಕೊಳ್ಳುತ್ತೆ, ಮುಂದಿನ ವಾಕ್ಯಾನೇ ಮರ್ತುಹೋಗುತ್ತೆ."

ಮಗ ಇಸ್ತ್ರಿ ಮೇಜಿನಿಂದಲೇ ಬಾಯಿ ಹಾಕಿದ. "ನೋಡಮ್ಮಾ, ಅವಳು ನಿನಗೆ ಇಂಗ್ಲಿಷಿನಲ್ಲೂ ಮರ್ಯಾದೆ ಕೊಡ್ತಾಳೆ. ನೀನು ಅವಳಿಗೆ ಒಂದ್ಸಲಾದ್ರೂ ಕನ್ನಡದಲ್ಲಿ ಕೊಟ್ಟಿದ್ದೀಯಾ?"

"ಸೊಸೆಗೆ ಬಹುವಚನವೇನೋ? ನಾಳೆ ಬೆಕ್ಕಿಗೂ ರೀ ಅನ್ನು ಅಂತೀಯ. ನೀನು ಕಾಲರ್ ಸುಡಬೇಡ, ನೋಡ್ಕೋ."

ಯಾರ ಜಾಗ ಯಾರಿಗೆ ಅನ್ನುವುದು ಇರಬೇಕು. ಈ ಡೈರಿಯಲ್ಲಿ ನಾನು ಅವಳನ್ನು ಅವಳು ಎಂದೇ ಬರೆದಿದ್ದೇನೆ. ಹಾಗೇ ಬರೆಯುತ್ತೇನೆ.

ಮಾರ್ಚ್ 27, ಗುರುವಾರ

ಬೆಕ್ಕಂತೆ!

ವಿಷಯ ಬದಲಾಯಿಸುತ್ತಾಳಂತೆ. ನನ್ನನ್ನು ಬಿಟ್ಟು ನಮ್ಮ ಅಂಗಡಿ ಬೆಕ್ಕಿನ ಬಗ್ಗೆ ಹೇಳುತ್ತಾಳಂತೆ. ಬೆಕ್ಕಾದರೆ ಇಟ್ ಅಂದರೆ ಸಾಕು, ಸುಲಭವಂತೆ. ಬೆಚ್ಚಗಿನ ಬಟ್ಟೆಯ ಬುಟ್ಟಿಯಲ್ಲಿ ಬಿದ್ದುಕೊಂಡು ಕೂದಲು ಅಂಟಿಸುವ ಆ ಮೈಗಳ್ಳ ಬೆಕ್ಕು ನನ್ನ ಜಾಗಕ್ಕೆ!

ಬೆಕ್ಕೂ ಈಗ ನನ್ನನ್ನು ಬೇರೆ ರೀತಿ ನೋಡುತ್ತಿದೆ.

ಏಪ್ರಿಲ್ 2, ಬುಧವಾರ

ಆರು ದಿನ ಮಾತು ಬಿಟ್ಟಿದ್ದೆ. ಇವತ್ತು ಹೋಟೆಲಿನ ದೊಡ್ಡ ಚಾದರಗಳ ರಾಶಿ ಬಂತು. ಮಡಿಸಲೇಬೇಕು, ಮಡಿಸಿದರೆ ಮಾತಾಡಲೇಬೇಕು.

"ಬೆಕ್ಕು ಬೇಡ. ನನ್ನ ಬಗ್ಗೇನೇ ಹೇಳು" ಎಂದೆ.

"ಆದ್ರೆ..."

"ಶೀ ಅನ್ನು. ನಾನೇ ಹೇಳ್ತಿದ್ದೀನಲ್ಲ, ಅನ್ನು. ನನ್ನ ಮುಖ ನೋಡಿ ಅನ್ನು."

ಬಾಯಿ ತೆರೆದಳು. ಮುಚ್ಚಿದಳು. ಬಿಸಿನೀರಿನ ಪೈಪಿನ ಹಾಗೆ ಶ್ಶ್ ಅಂದಳು, ಈಕಾರ ಬರಲೇ ಇಲ್ಲ. ನನಗೆ ನಗು ಬಂದರೂ ಹುಬ್ಬು ಗಂಟಿಕ್ಕಿಕೊಂಡು ನಿಂತೆ. "ಅನ್ನೇ! ಅಪ್ಪಣೆ ಕೊಟ್ಟಿದ್ದೀನಿ!"

"ಅಪ್ಪಣೆಗೆ ಬರಲ್ಲ ಅತ್ತೆ" ಎಂದಳು. ಧ್ವನಿ ಏರಿಸಲಿಲ್ಲ, ಆದರೆ ಕಣ್ಣು ಕೆಳಗೆ ಮಾಡಲೂ ಇಲ್ಲ. "ನೀವು ಹೇಳಿಸಿ ನಾನು ಹೇಳಿದ್ರೆ ಅದು ಗಂಜಿ ಹಾಕಿದ ಬಟ್ಟೆ ಆಗುತ್ತೆ. ನೆಟ್ಟಗೆ ನಿಲ್ಲುತ್ತೆ, ಬಗ್ಗೋದಿಲ್ಲ. ಪರೀಕ್ಷಕರು ಒಂದು ಅಡ್ಡ ಪ್ರಶ್ನೆ ಕೇಳಿದ್ರೆ ಪಟ್ ಅಂತ ಮುರಿಯುತ್ತೆ. ನಾನೇ ಏನಾದ್ರೂ ದಾರಿ ಮಾಡ್ಕೋತೀನಿ, ಬಿಡಿ."

ಬಿಡಿ! ನನಗೆ!

ಸಿಟ್ಟು ಮಗನ ಮೇಲೆ ಹೋಯಿತು. ಅವನು ನೀರು ಹಿಂಡುವ ರೋಲರಿಗೆ ಒದ್ದೆ ಬಟ್ಟೆ ಓರೆಯಾಗಿ ಕೊಡುತ್ತಿದ್ದ. "ಎಷ್ಟು ಸಲ ಹೇಳಿಕೊಡಲೋ ನಿನಗೆ? ಹೇಳಿಕೊಟ್ಟ ಮಾತು ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬರುತ್ತೆ? ನೀನೇ ನೋಡಿ ಕಲೀಬೇಕು!"

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು. ಗಾದೆ ಹೇಳಿದರೆ ನಗುವುದೇನಿದೆಯೋ ನನಗೆ ತಿಳಿಯಲಿಲ್ಲ.

ಏಪ್ರಿಲ್ 6, ಭಾನುವಾರ

ಇವತ್ತಿನದನ್ನು ಬರೆದಿಡದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಮಧ್ಯಾಹ್ನ ಹಿಂದಿನ ಕೋಣೆಯಿಂದ ಸೊಸೆಯ ದನಿ ಕೇಳಿತು. ಬಾಗಿಲ ಸಂದಿಯಿಂದ ನೋಡಿದೆ. ಒಣಹಾಕುವ ಕಂಬಿಗೆ ನನ್ನ ಬೂದು ಸ್ವೆಟರು ಹ್ಯಾಂಗರಿನಲ್ಲಿ ನೇತು ಬಿದ್ದಿದೆ. ಮೇಲಿನ ಗುಂಡಿ ಹಾಕಿದೆ, ನಾನು ಹಾಕಿಕೊಳ್ಳುವ ಹಾಗೆಯೇ. ಅದರ ಎದುರು ಇವಳು ಕೈಕಟ್ಟಿ ನಿಂತು, "ಶೀ" ಎನ್ನುತ್ತಿದ್ದಾಳೆ! "ಶೀ ವೇಕ್ಸ್ ಅಪ್ ಅಟ್ ಫೈವ್." ಸ್ವೆಟರಿಗೆ ಸಣ್ಣದಾಗಿ ತಲೆಬಾಗಿ, "ಸಾರಿ ಅತ್ತೆ" ಎಂದು ಕನ್ನಡದಲ್ಲಿ ಸೇರಿಸಿದಳು. ಮತ್ತೆ "ಶೀ". ಈ ಸಲ ಸಾರಿ ಇಲ್ಲ. ಮತ್ತೊಮ್ಮೆ. ಹೇಳುತ್ತಾ ಹೇಳುತ್ತಾ ದನಿ ಚಿಗುರಿತು. ಹೆಗಲು ಇಳಿಯಿತು. ಒಂದು ಕೈ ಸೊಂಟಕ್ಕೆ ಹೋಯಿತು, ನಾನು ನಿಲ್ಲುವ ಹಾಗೆ! "ಶೀ ಈಸ್ ಸ್ಟಬರ್ನ್" ಎಂದು ಸ್ವೆಟರಿಗೆ ಬೆರಳು ತೋರಿಸಿದಳು.

ಸ್ಟಬರ್ನ್. ಈ ಪದ ನಾನು ಎಲ್ಲೋ ನೋಡಿದ್ದೇನೆ.

ನಿಘಂಟು ತೆಗೆಯಲು ಹೊರಟವಳು ಅಂಗಡಿಯಲ್ಲೇ ನಿಂತೆ. ಕಣ್ಣೆದುರೇ ಇತ್ತು. ಒಗೆಯುವ ಪುಡಿಯ ಚೀಲ, ಅದರ ಮೇಲೆ ದೊಡ್ಡ ಕೆಂಪಕ್ಷರ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಸ್ಟಬರ್ನ್ ಸ್ಟೇನ್ಸ್. ಸ್ಟೇನ್ ನನಗೆ ಗೊತ್ತು, ಕಲೆ. ಯಾವ ಕಲೆ? ಎಷ್ಟು ಉಜ್ಜಿದರೂ ಹೋಗದ ಕಲೆ. ಹಠಮಾರಿ!

ನಿಘಂಟಿಲ್ಲದೆ, ಟೀಚರಿಲ್ಲದೆ, ನಾನೇ ಕಂಡುಹಿಡಿದೆ! ಚೀಲ ಹಿಡಿದುಕೊಂಡೇ ಒಳಗೆ ನುಗ್ಗಿದೆ. "ನಾನು ಸ್ಟಬರ್ನಾ? ನಾನು ಕಲೆಯೇನೇ?"

ಸೊಸೆ ಸ್ವೆಟರಿನ ಹಿಂದೆ ಅಡಗಿಕೊಳ್ಳಲು ನೋಡಿದಳು. ಆಮೇಲೆ ಚೀಲ ನೋಡಿದಳು, ನನ್ನ ಬೆರಳು ಯಾವ ಅಕ್ಷರದ ಮೇಲಿದೆ ಎಂದು ನೋಡಿದಳು. "ಅತ್ತೆ, ಇದನ್ನ ನೀವೇ ಓದಿದ್ರಾ?"

"ಮತ್ತೆ ಬೆಕ್ಕು ಓದ್ತಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವಳು ಪುಡಿಚೀಲದ ಮೇಲೇ ಕುಸಿದು ಕೂತಳು, ನಾನು ಕಂಬಿ ಹಿಡಿದುಕೊಂಡೆ. ನಗುತ್ತಲೇ ಕಣ್ಣೊರೆಸಿಕೊಂಡು, "ಸ್ಟಬರ್ನ್ ತೆಗೀಲಾ?" ಎಂದಳು. ಯೋಚಿಸಿದೆ. ತೆಗೆಯಬೇಡ ಎಂದೆ. ನಿಜವಿದ್ದದ್ದನ್ನು ಉಜ್ಜಿದರೆ ಬಟ್ಟೆಯೇ ಹರಿದೀತು.

ಏಪ್ರಿಲ್ 11, ಶುಕ್ರವಾರ

ಬರೆಯುವ ಪರೀಕ್ಷೆ ಬುಧವಾರ ಮುಗಿಯಿತು. ತೇಲಬಹುದು ಎನ್ನುತ್ತಾಳೆ. ನಾಳೆ ಮಾತಿನದು.

ಮಧ್ಯಾಹ್ನ ಅವಳು ಓದಲಿ ಎಂದು ಬಿಟ್ಟು, ಆಸ್ಪತ್ರೆಯ ಚಾದರಗಳನ್ನು ಒಬ್ಬಳೇ ಮಡಿಸಿ ನೋಡಿದೆ. ಒಂದು ತುದಿಯನ್ನು ಕಂಬಿಗೆ ಕ್ಲಿಪ್ಪು ಹಾಕಿ ಸಿಕ್ಕಿಸಿದೆ. ಜಗ್ಗಿದರೆ ಕ್ಲಿಪ್ಪು ಹಾರುತ್ತದೆ, ಜಗ್ಗದಿದ್ದರೆ ಸುಕ್ಕು ಉಳಿಯುತ್ತದೆ. ಕಂಬಿ ನಡೆದು ಬರುವುದಿಲ್ಲ. ಮಾತಂತೂ ಇಲ್ಲವೇ ಇಲ್ಲ.

ಪಾಸಾದರೆ ಆ ತುದಿ ಯಾರು ಹಿಡಿಯುತ್ತಾರೆ ಎಂದು ಇದುವರೆಗೆ ಯೋಚಿಸಿಯೇ ಇರಲಿಲ್ಲ.

ಪಾಸಾಗಲೇಬೇಕು, ಅದು ಬೇರೆ.

ಹೊರಡುವ ಮುಂಚೆ ಇನ್ನೊಮ್ಮೆ ಎಚ್ಚರಿಸಬೇಕು. ಶೀ ಮಾತ್ರ ಅನ್ನು. ಆರಂಭದಿಂದ ಕೊನೆಯವರೆಗೆ ಶೀ. ಜಾಣತನ ತೋರಿಸಲು ಹೋಗಬೇಡ.

ಏಪ್ರಿಲ್ 12, ಶನಿವಾರ

ಸೀರೆ ಕೂಡ ಬದಲಾಯಿಸದೆ ಬರೆಯಲು ಕೂತಿದ್ದೇನೆ.

ಪರೀಕ್ಷೆಯ ಕೋಣೆಯ ಹೊರಗೆ ಉದ್ದನೆಯ ಪಡಸಾಲೆ, ಗೋಡೆಗೊಂದು ಬೆಂಚು. ಬಾಗಿಲಿಗೆ ಮಂಜುಗಾಜು. ಸೊಸೆ ಒಳಗೆ ಹೋದಳು. ಜವಾನ ಬಾಗಿಲಿನಿಂದ ದೂರ ಕೂರಿ ಎಂದ. "ಕಿವಿ ಮಂದ, ದೂರ ಕೂತರೆ ಕರೆದದ್ದು ಕೇಳಿಸಲ್ಲ" ಎಂದು ಬಾಗಿಲ ಪಕ್ಕವೇ ಕೂತೆ. ಅವನು ಮತ್ತೇನೋ ಪಿಸುಗುಟ್ಟಿದ, ಅದೂ ಕೇಳಿಸಿತು.

"ಶೀ" ಎಂದು ಒಳಗಿನಿಂದ ಬಂತು. ತಡವರಿಕೆಯಿಲ್ಲ! ಮತ್ತೆ ಶೀ. ಶೀ ಈಸ್, ಶೀ ಡಸ್, ಶೀ ನೆವರ್. ಒಂದೊಂದು ಶೀಗೂ ಮೂಲೆಗೆ ಮೂಲೆ ಕೂಡಿದ ಹಾಗೆ ನನಗೆ ಒಳಗೆ ಹಿತವಾಗುತ್ತಿತ್ತು. ಸ್ಟಬರ್ನ್ ಕೂಡ ಬಂತು. ಪಕ್ಕದಲ್ಲಿ ಕೂತಿದ್ದ ಹುಡುಗಿಯ ತಾಯಿಗೆ, "ಅದು ನನ್ನ ಬಗ್ಗೆ" ಎಂದೆ. ಆಕೆ ಬಾಯಿ ಬಿಟ್ಟುಕೊಂಡು ನೋಡಿದರು.

ಆಮೇಲೆ ಒಬ್ಬ ಗಂಡಸಿನ ದನಿ ಏನೋ ಕೇಳಿತು. ಒಳಗೆ ಸದ್ದಿಲ್ಲ. ಗಂಜಿಬಟ್ಟೆ ಮುರಿಯಿತು ಎಂದುಕೊಂಡೆ. ಅಷ್ಟರಲ್ಲಿ ಅವಳ ದನಿ, ಸ್ಪಷ್ಟವಾಗಿ: "ದೇ."

ಮತ್ತೆ, "ದೇ." ಮುಗಿಯಿತು! ಕೊನೆಯಲ್ಲಿ ಜಾರಿದಳು. ಎದ್ದು ಬಾಗಿಲಿಗೆ ಕೈ ಹಾಕಿದ್ದೆ, ಜವಾನ ಅಡ್ಡ ಬಂದ. ಒಳಗಿನಿಂದ ಜೋರು ನಗು ಕೇಳಿಸಿತು. ಅವತ್ತು ಕ್ಲಾಸಿನಲ್ಲಿ ನಕ್ಕ ಹಾಗೆಯೇ.

ಸೊಸೆ ಹೊರಗೆ ಬಂದಳು. ಮುಖದಲ್ಲಿ ಬೆಳಕೋ ಬೆಳಕು. "ಯಾಕೇ ದೇ ಅಂದೆ? ಅಷ್ಟು ಹೇಳಿ ಕಳಿಸಿದ್ದೆನಲ್ಲ!" ಎಂದೆ.

"ಬೇಕಂತಲೇ ಅಂದೆ ಅತ್ತೆ."

"ಬೇಕಂತಲೇ?"

ಮೆಟ್ಟಿಲಿಳಿಯುತ್ತಾ ಹೇಳಿದಳು. ಪರೀಕ್ಷಕರು, ಮನೆಯಲ್ಲಿ ಇವರನ್ನ ಏನಂತ ಕರೀತೀರಿ ಎಂದು ಕೇಳಿದರಂತೆ. ಅದಕ್ಕೆ ಉತ್ತರ ಸಿದ್ಧವಿರಲಿಲ್ಲ. "ಆಗ ನಿಜಾನೇ ಹೇಳ್ದೆ. ಇಷ್ಟೊತ್ತು ಶೀ ಅಂದಿದ್ದು ಇಂಗ್ಲಿಷ್ ಭಾಷೆಗೋಸ್ಕರ. ಮನೇಲಿ ಆ ಪದ ನನ್ನ ಬಾಯಿಗೆ ಬರಲ್ಲ. ನಮ್ಮಲ್ಲಿ ದೊಡ್ಡವರು ಒಬ್ಬರೇ ಇದ್ರೂ ದೇ. ಅದು ಮರ್ಯಾದೆಗೆ ಅಂತಾರೆ, ಆದ್ರೆ ನಮ್ಮತ್ತೆ ವಿಷಯದಲ್ಲಿ ಲೆಕ್ಕಾನೂ ಸರೀನೇ. ಅವರೊಬ್ಬರು ಮಾಡೋ ಕೆಲಸಕ್ಕೆ, ಬೈಯೋ ಬೈಗುಳಕ್ಕೆ ನಾಲ್ಕು ಜನ ಬೇಕು. ಹೀಗಂದೆ."

"ಬೈಗುಳಾನೂ ಹೇಳಿದ್ಯಾ!"

"ಅಲ್ಲೇ ಅವರು ನಕ್ಕಿದ್ದು."

ಬಸ್ಸಿನಲ್ಲಿ ಮಾತಾಡಲಿಲ್ಲ. ರಕ್ತದ ಕಲೆಗೆ ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಂಡೇ ಬಿಡುತ್ತದೆ, ತಣ್ಣೀರೇ ಬೇಕು. ಹಾಗಾಗಿ ಸುಮ್ಮನಿದ್ದೆ. ಆದರೆ ಹೆಮ್ಮೆಯೋ ಸಿಟ್ಟೋ ಎಂದು ಕೇಳಿದರೆ ನನಗೇ ಗೊತ್ತಿಲ್ಲ. ಎರಡಕ್ಕೂ ಮೈ ಬಿಸಿಯಾಗುತ್ತದೆ.

ಮೇ 8, ಗುರುವಾರ

ಪಾಸು! ಪಾಸು! ಪಾಸು!

ಟೀಚರು ತಾವೇ ಅಂಗಡಿಗೆ ಓಡಿ ಬಂದರು. ಬರೆದದ್ದರಲ್ಲಿ ಸಾಧಾರಣ. ಮಾತಿನಲ್ಲಿ ಮಾತ್ರ ಆ ಇಡೀ ಪರೀಕ್ಷಾ ಕೇಂದ್ರಕ್ಕೆ ನಮ್ಮ ಸೊಸೆಯೇ ಮೊದಲು! ಮಗ ಹೆಂಡತಿಯನ್ನು ಬಟ್ಟೆಯ ತಳ್ಳುಗಾಡಿಯಲ್ಲಿ ಕೂರಿಸಿ ಅಂಗಡಿಯೊಳಗೆ ಒಂದು ಸುತ್ತು ಹೊಡೆಸಿದ. ಬೆಕ್ಕು ಅದರ ಮುಂದೆ ಓಡಿತು. ನಾನು ಬೈಯಲಿಲ್ಲ, ಚಕ್ರಕ್ಕೆ ಎಣ್ಣೆ ಬಿಡೋ ಎಂದೆ ಅಷ್ಟೆ.

"ಅದೆಲ್ಲ ಸರಿ, ದೇ ಸರಿ ಅಂತ ನಾನು ಮಾರ್ಚಿನಲ್ಲೇ ಹೇಳಿದ್ದೆ" ಎಂದೆ ಟೀಚರಿಗೆ.

"ಹೌದಮ್ಮಾ. ಈಗ ನೀವೇನು ಕಲೀತೀರಿ?"

"ನಾನು ಕಲಿಯೋಕೆ ಬರ್ತಿರಲಿಲ್ಲ."

"ಗೊತ್ತು. ಕಾಯೋಕೆ."

ಸೊಸೆಯ ಕ್ಲಾಸು ಮುಗಿದರೂ ಶುಕ್ರವಾರ ಹೋಗುವುದನ್ನು ನಾನು ಬಿಟ್ಟಿಲ್ಲ. ಯಾರನ್ನು ಕಾಯಲು ಎಂದು ಮಗ ಕೇಳಿದ. ಬೆಂಚನ್ನು ಎಂದೆ.

ಜೂನ್ 2, ಸೋಮವಾರ

ಆಸ್ಪತ್ರೆ ತರಬೇತಿಯ ಮೊದಲ ದಿನ. ಬಿಳಿ ಕೋಟಿಗೆ ನಾನೇ ಇಸ್ತ್ರಿ ಹಾಕಿದೆ. ಗಂಜಿ ಹಾಕಲಿಲ್ಲ, ಬಗ್ಗಬೇಕಲ್ಲ.

ಮಧ್ಯಾಹ್ನ ಮಗ ಚಾದರದ ಆ ತುದಿ ಹಿಡಿದ. ಮೂಲೆ ಕೂಡುವುದಿಲ್ಲ, ನಡೆದು ಬರುವ ಬದಲು ಎಳೆದುಕೊಳ್ಳುತ್ತಾನೆ, ನಾನೇ ಅವನ ಕಡೆ ಓಡಬೇಕು. "ಹೇಗೆ ಹಿಡೀಬೇಕು ಹೇಳಮ್ಮಾ" ಎಂದ. ಹೇಳಲು ಬಾಯಿ ತೆರೆದವಳು ಸುಮ್ಮನಾಗಿ, "ನೀನೇ ನೋಡ್ಕೋ, ನಾನು ಜೊತೆಗಿರ್ತೀನಿ" ಎಂದೆ. ನಾಲ್ಕು ಚಾದರ ಹಾಳು ಮಾಡಿದ. ಐದನೆಯದರಲ್ಲಿ ಅಂಚು ಕೂಡಿತು.

ಸಂಜೆ ದೀಪ ಹಾಕುವ ಹೊತ್ತಿಗೆ ಸೊಸೆ ಬಂದರು. ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ಕೈ ತೊಳೆದುಕೊಂಡು, ಗಂಡನ ಕೈಯಿಂದ ಚಾದರದ ತುದಿ ತೆಗೆದುಕೊಂಡು ನನ್ನೆದುರು ನಿಂತರು.

"ಹೇಳು, ಇವತ್ತು ಏನೇನಾಯ್ತು?" ಎಂದೆ.

ಕೊಡವಿದರು. "ಬೇಕಾದಷ್ಟಿದೆ ಅತ್ತೆ. ಒಂದು ಚಾದರಕ್ಕೆ ಮುಗಿಯಲ್ಲ" ಎಂದರು.

ಇನ್ನೊಂದು ಬುಟ್ಟಿ ತಾರೋ ಎಂದು ಮಗನಿಗೆ ಕೂಗಿ ಹೇಳಿದೆ.